ಎರಡು ಒಲೆ, ಎರಡು ಟೊಪ್ಪಿಗೆ

ತಲೆಗೆ ಎಣ್ಣೆ ಹಚ್ಚಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದುಹೋಗಿತ್ತು. ಹಳೇ ಹುಬ್ಬಳ್ಳಿಯ ಅಕ್ಕತಂಗಿಯರಿಬ್ಬರೂ ಪ್ರತಿ ಸಲ ತಲೆ ತಗ್ಗಿಸಿ 'ಹೂಂ ಮೇಡಮ್ಮಾರ' ಎನ್ನುತ್ತಿದ್ದರು. ಮರುದಿನ ನೋಡಿದರೆ ಅವರ ಟೊಪ್ಪಿಗೆಗಳಿಂದ ನನ್ನ ಪರದೆಗೆ ಬರುವ ಅಂಕಿ ಒಂದು ದಿನ ಮೇಲೆ, ಒಂದು ದಿನ ಕೆಳಗೆ ಕುಣಿಯುತ್ತಲೇ ಇರುತ್ತಿತ್ತು. ವರ್ಷವಿಡೀ ನಾನು ಕೊಬ್ಬರಿ ಎಣ್ಣೆಯ ಮೇಲೆ ಹಲ್ಲು ಕಡಿದೆ. ಪಾಪ, ಎಣ್ಣೆಯದೇನೂ ತಪ್ಪಿರಲಿಲ್ಲ.

ನಾನು ಇಂದುಮತಿ, ಹುಬ್ಬಳ್ಳಿಯ ಒಂದು ನರರೋಗ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರು. ಟೊಪ್ಪಿಗೆಯನ್ನು ಕಂಡುಹಿಡಿದವಳು ನಾನಲ್ಲ. ಆದರೆ ಅದರ ತಂತಿ, ಬ್ಯಾಟರಿ, ಅಳತೆ, ಅದು ಕೆಟ್ಟಾಗ ಎಲ್ಲರಿಂದ ಬೈಸಿಕೊಳ್ಳುವ ಕೆಲಸ, ಇಷ್ಟೂ ನನ್ನ ಪಾಲಿನದು.

ಕೈ ಎಷ್ಟು ಚಾಚಬೇಕು, ಕಾಲು ಎಲ್ಲಿ ಊರಬೇಕು ಎಂಬ ಲೆಕ್ಕವನ್ನೆಲ್ಲ ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ನೋಡಿಕೊಳ್ಳುತ್ತದೆ. ಕೆಲವು ಮನೆತನಗಳಲ್ಲಿ ಅದು ನಡುವಯಸ್ಸಿಗೇ ಸವೆಯತೊಡಗುತ್ತದೆ. ತಾಯಿಗಿದ್ದರೆ ಮಗುವಿಗೆ ಬರಬಹುದು, ಬರದೆಯೂ ಇರಬಹುದು. ನಮ್ಮ ಟೊಪ್ಪಿಗೆ ಚಾಕು, ಸೂಜಿ ಏನೂ ಇಲ್ಲದೆ, ತಲೆಬುರುಡೆಯ ಹೊರಗಿನಿಂದಲೇ ಎರಡು ಸಣ್ಣ ವಿದ್ಯುತ್ ಪ್ರವಾಹಗಳನ್ನು ಒಳಗೆ ಬಿಡುತ್ತದೆ. ಒಂದೊಂದೂ ಮೆದುಳು ಕಿವಿಗೊಡಲಾರದಷ್ಟು ವೇಗದ್ದು. ಅವೆರಡೂ ಕೂಡುವ ಜಾಗದಲ್ಲಿ ಮಾತ್ರ ಒಂದು ನಿಧಾನದ ಮಿಡಿತ ಹುಟ್ಟುತ್ತದೆ. ತಂಬೂರಿಯ ಎರಡು ತಂತಿ ತುಸು ಹೆಚ್ಚುಕಡಿಮೆಯಾದಾಗ ನಡುವೆ ಒಂದು ಅಲೆ ಏಳುತ್ತದಲ್ಲ, ಹಾಗೆ. ಆ ಮಿಡಿತ ಕಿರುಮೆದುಳಿನ ಮೇಲೆ ಸರಿಯಾಗಿ ಬಿದ್ದರೆ, ಅಲ್ಲಿ ಉಳಿದಿರುವ ನರಕೋಶಗಳು ಒಂದು ದಿನದ ಮಟ್ಟಿಗೆ ತಾಳಕ್ಕೆ ಬರುತ್ತವೆ. ರೋಗ ವಾಸಿಯಾಗುವುದಿಲ್ಲ. ಕೈ ಮಾತು ಕೇಳುತ್ತದೆ, ಅಷ್ಟೆ. ಆ 'ಅಷ್ಟೆ' ಏನೆಂಬುದು ಕೈ ಮಾತು ಕೇಳದವರಿಗೇ ಗೊತ್ತು.

ಅಕ್ಕ ದಾಕ್ಷಾಯಣಿ, ತಂಗಿ ಶಿವಲೀಲಾ. ಇಬ್ಬರೂ ಸೇರಿ ಒಂದು ರೊಟ್ಟಿ ಕೇಂದ್ರ ನಡೆಸುತ್ತಾರೆ. ಮದುವೆಮನೆ, ಖಾನಾವಳಿ, ಹಾಸ್ಟೆಲು, ಎಲ್ಲ ಕಡೆಗೂ ಅವರ ಜೋಳದ ರೊಟ್ಟಿ ಹೋಗುತ್ತದೆ. ಊರೆಲ್ಲ ಯಂತ್ರದ ರೊಟ್ಟಿ ತಿನ್ನುತ್ತಿರುವ ಈ ಕಾಲದಲ್ಲಿ ಕೈಯಲ್ಲಿ ಬಡಿದ, ಕಟ್ಟಿಗೆ ಒಲೆಯ ಮೇಲೆ ಸುಟ್ಟ ರೊಟ್ಟಿಯೇ ಬೇಕೆನ್ನುವವರು ಅವರಲ್ಲಿಗೆ ಬರುತ್ತಾರೆ. ಕೈ ಹೋದರೆ ಅನ್ನ ಹೋಯಿತು. ಅವರ ತಾಯಿ ನೀಲವ್ವನಿಗೆ ಹಾಗೇ ಆಗಿತ್ತು. ಮೊದಲು ರೊಟ್ಟಿ ಹರಿಯತೊಡಗಿತು, ಆಮೇಲೆ ನಡಿಗೆ ತಪ್ಪಿತು. ಓಣಿಯವರು ಕುಡಿದಿದ್ದಾಳೆ ಎಂದು ಆಡಿಕೊಂಡರು. ಕೊನೆಗೆ ನೀರು ನುಂಗಲೂ ಆಗದೆ ಆಕೆ ಹೋದಳು. ಮನೆಯಲ್ಲಿ ಅದಕ್ಕೆ 'ತೂರ್ಯಾಡೋ ಬ್ಯಾನಿ' ಎನ್ನುತ್ತಿದ್ದರು. ಈಗ ಅದು ಅಕ್ಕನ ಕೈಗೂ ಬಂದಿತ್ತು, ತಂಗಿಯ ಕೈಕಾಲಿಗೂ ಬಂದಿತ್ತು. ದಾಕ್ಷಾಯಣಿ ಮದುವೆಯಾಗಿರಲಿಲ್ಲ, ಕುಡುಕಿಯ ಮಗಳೆಂದು ಬಂದ ಗಂಡುಗಳೆಲ್ಲ ತಿರುಗಿ ಹೋಗಿದ್ದರು. ಶಿವಲೀಲಾಳಿಗೆ ಗಂಡನೂ ಕಾಲೇಜಿಗೆ ಹೋಗುವ ಒಬ್ಬ ಮಗಳೂ ಇದ್ದರು.

ಅವರ ಅಡುಗೆಮನೆಯಲ್ಲಿ ಎರಡು ಒಲೆ. ಒಂದರ ಮೇಲೆ ಸರಿಯಾದ ಹೊಗೆಗೂಡು ಇದೆ, ಹೊಗೆಯೆಲ್ಲ ಸರ್ರನೆ ಮೇಲೆ ಹೋಗುತ್ತದೆ. ಇನ್ನೊಂದು ಮೂಲೆಯಲ್ಲಿದೆ, ಕೂತವರ ಮುಖಕ್ಕೇ ಹೊಗೆ ಹೊಡೆಯುತ್ತದೆ. ನೀಲವ್ವ ಬದುಕಿದ್ದಾಗಲೇ ಹಾಕಿದ ಕಟ್ಟಳೆಯೆಂದರೆ, ಇವತ್ತು ಒಳ್ಳೆಯ ಒಲೆಗೆ ಕೂತವಳು ನಾಳೆ ಹೊಗೆಯ ಒಲೆಗೆ ಕೂರಬೇಕು. ಅಮಾವಾಸ್ಯೆಗೆ ಒಲೆ ಹೊತ್ತಿಸುವುದಿಲ್ಲ, ಆ ದಿನ ಪಾಳಿಯ ಲೆಕ್ಕಕ್ಕಿಲ್ಲ. ನಾನು ಮೊದಲ ಸಲ ಹೋದ ದಿನ ಶಿವಲೀಲಾ ಕಣ್ಣೊರೆಸಿಕೊಳ್ಳುತ್ತ ಹೊಗೆಯಲ್ಲಿ ಕೂತಿದ್ದಳು. ಮರುದಿನ ಹೋದರೆ ಅಲ್ಲಿ ದಾಕ್ಷಾಯಣಿ ಕೂತಿದ್ದಳು. ನಾನು ನಕ್ಕು, ಮೂಲೆಯ ಒಲೆಗೂ ಒಂದು ಹೊಗೆಗೂಡು ಹಾಕಿಸಬಾರದೇ ಎಂದು ಕೇಳಿದ್ದೆ. ಆ ಗೋಡೆಯ ಆಚೆ ಪಕ್ಕದವರ ಮನೆ, ತೂತು ಹೊಡೆದರೆ ಜಗಳ ಬರುತ್ತದೆ ಎಂದರು. ನಾನು ಅದನ್ನು ಅಲ್ಲಿಗೇ ಮರೆತೆ.

ಟೊಪ್ಪಿಗೆಯ ಪರೀಕ್ಷೆ ಶುರುವಾದದ್ದು ಹೀಗೆ. ಈ ರೋಗವಿರುವವರಿಗೆಲ್ಲ ಒಂದೊಂದು ಟೊಪ್ಪಿಗೆ ಕೊಡುವುದು. ಅವುಗಳಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳಿನವೂ ನೆತ್ತಿಯಲ್ಲಿ ಚುಮುಚುಮು ಎನ್ನುತ್ತವೆ, ಆದರೆ ಒಳಗೆ ಏನೂ ಕಳಿಸುವುದಿಲ್ಲ. ಯಾರಿಗೆ ಯಾವುದು ಹೋಯಿತೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ವರ್ಷ ದಿನಾ ಬೆಳಿಗ್ಗೆ ಹಾಕಿಕೊಳ್ಳಬೇಕು. ಕೈ ನಡುಗುವುದನ್ನು ಅಳೆಯಲು ಮುಂಗೈಗೆ ಒಂದು ಪಟ್ಟಿ. ವರ್ಷದ ಕೊನೆಗೆ ನಿಜದವರು ಸುಳ್ಳಿನವರಿಗಿಂತ ಚೆನ್ನಾಗಿದ್ದರೆ ಟೊಪ್ಪಿಗೆ ಗೆದ್ದಿತು, ಸರಕಾರ ಅದನ್ನು ಎಲ್ಲರಿಗೂ ಕೊಡುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಗೆ ಹೋಗುತ್ತದೆ.

ಇದನ್ನೆಲ್ಲ ಅಕ್ಕತಂಗಿಯರಿಗೆ ತಿಳಿಸಿ ಹೇಳಿದವಳು ನಾನೇ. ಬೇರೆ ಕಡೆ ಕಾಟಾಚಾರಕ್ಕೆ ಓದಿ ಸಹಿ ಹಾಕಿಸಿಕೊಂಡು ಬರುವವರಿದ್ದಾರೆ. ನಾನು ಹಾಗಲ್ಲ, ರೊಟ್ಟಿಯ ಮುಂದೆ ಕೂತು ಒಂದು ತಾಸು ಹೇಳಿದೆ. ನಿಮ್ಮ ಎರಡರಲ್ಲಿ ಒಂದು ಸುಳ್ಳಿನದಾಗಿರಬಹುದು, ಯಾವುದೆಂದು ಯಾರೂ ಹೇಳಲಾರರು ಎಂದೆ. ಅವರು ಅರ್ಥವಾಯಿತು ಎಂದರು. ನಿಜವಾಗಿಯೂ ಅರ್ಥವಾಗಿತ್ತು, ನೋಡಿ. ಬಂದ ಕುತ್ತೆಲ್ಲ ಅಲ್ಲಿಂದಲೇ ಬಂತು.

ವರ್ಷ ಮುಗಿಯಿತು. ಬೆಂಗಳೂರಿನ ಪರಿಶೀಲನಾ ಸಮಿತಿ ಗುಟ್ಟು ಬಿಚ್ಚಿ ಲೆಕ್ಕ ಹಾಕಿತು. ನಿಜದ ಟೊಪ್ಪಿಗೆಯವರಿಗೂ ಸುಳ್ಳಿನ ಟೊಪ್ಪಿಗೆಯವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಎರಡೂ ಗುಂಪಿನವರು ತುಸು ಸುಧಾರಿಸಿದ್ದಾರೆ, ಅದು ಬರೀ ನಂಬಿಕೆಯ ಫಲ ಎಂದು ಬರೆದರು. ನನಗೆ ಮೈಯೆಲ್ಲ ಉರಿಯಿತು. ದಾಕ್ಷಾಯಣಿಯ ಕೈಯಲ್ಲಿ ರೊಟ್ಟಿ ಅಂಚು ಹರಿಯದೆ ತಿರುಗುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಒಂದು ದಿನ ತಿರುಗುತ್ತಿತ್ತು, ಇನ್ನೊಂದು ದಿನ ಹರಿಯುತ್ತಿತ್ತು. ಯಾಕೆ ಹಾಗೆಂದು ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಆ ಹಾಳು ಎಣ್ಣೆಯ ಅಂಕಿಯಿಂದ. ಟೊಪ್ಪಿಗೆ ಹಾಕಿಕೊಂಡಾಗಲೆಲ್ಲ ಅದು ತಲೆಯ ಚರ್ಮ ಎಷ್ಟು ವಿದ್ಯುತ್ತನ್ನು ತಡೆಯುತ್ತದೆ ಎಂದು ಅಳೆದು ಕಳಿಸುತ್ತದೆ, ಎಣ್ಣೆ ಇದ್ದರೆ ಆ ಅಂಕಿ ಏರುತ್ತದೆ. ದಾಕ್ಷಾಯಣಿಯ ಟೊಪ್ಪಿಗೆಯ ಗೆರೆ ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಶಿವಲೀಲಾಳದೂ ಹಾಗೇ, ಆದರೆ ತಿರುವುಮುರುವು. ಎಣ್ಣೆ ಹಚ್ಚುವವರು ಹೀಗೆ ದಿನ ಬಿಟ್ಟು ದಿನ, ಒಬ್ಬರು ಬಿಟ್ಟಾಗ ಇನ್ನೊಬ್ಬರು, ತಪ್ಪದೆ ಹಚ್ಚುತ್ತಾರೆಯೇ? ಗೆರೆ ತಿಂಗಳಿಗೊಮ್ಮೆ ಎರಡು ದಿನ ಒಂದೇ ಮಟ್ಟದಲ್ಲಿ ನಿಂತು ಮತ್ತೆ ಕುಣಿಯುತ್ತಿತ್ತು. ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಅಮಾವಾಸ್ಯೆ.

ಕೂತಲ್ಲೇ ಹಣೆ ಚಚ್ಚಿಕೊಂಡೆ. ಟೊಪ್ಪಿಗೆಗೂ ಒಲೆಯ ಪಾಳಿ! ಅಂಕಿ ಕುಣಿದದ್ದು ಎಣ್ಣೆಯಿಂದಲ್ಲ, ದಿನಾ ತಲೆಯೇ ಬದಲಾಗುತ್ತಿದ್ದುದರಿಂದ.

ಕೆಂಡಾಮಂಡಲವಾಗಿ ಅವರ ಮನೆಗೆ ಹೋದೆ. ಬಾಯಿಗೆ ಬಂದಂತೆ ಬೈದೆ. ನಿಮ್ಮಿಂದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು, ಒಬ್ಬರ ಟೊಪ್ಪಿಗೆ ಒಬ್ಬರು ಹಾಕಿಕೊಳ್ಳಬೇಡಿ ಎಂದು ನಾನು ಹೇಳಿರಲಿಲ್ಲವೇ ಎಂದು ಕೂಗಾಡಿದೆ. ಶಿವಲೀಲಾ ಮುಖ ಸಪ್ಪಗೆ ಮಾಡಿಕೊಂಡು ಹಿಟ್ಟು ನಾದುತ್ತ ಕೂತಳು. ದಾಕ್ಷಾಯಣಿ ಕೈಯ ಹಿಟ್ಟು ಒರೆಸಿಕೊಂಡು, ನನ್ನ ಸಿಟ್ಟು ಇಳಿಯಲೆಂದು ಕಾದು, ಆಮೇಲೆ ಮಾತಾಡಿದಳು.

"ಎರಡರಾಗ ಒಂದು ಸುಳ್ಳು ಇರಬಹುದು ಅಂತ ನೀವ ಹೇಳಿದ್ರಲ್ರೀ ಮೇಡಮ್ಮಾರ. ಯಾವುದು ಅಂತ ಗೊತ್ತಿಲ್ಲ ಅಂದಮ್ಯಾಲೆ, ಪಾಳಿ ಹಾಕ್ಕೊಂಡ್ರ ಇಬ್ಬರಿಗೂ ಪಾಲು ಬರ್ತೈತಿ. ಒಂದ ಮನ್ಯಾಗ ಇಬ್ಬರನ್ನ ಕುಂದರಿಸಿ, ಒಬ್ಬಾಕಿ ತಾಟಿಗೆ ರೊಟ್ಟಿ ಹಾಕಿ, ಇನ್ನೊಬ್ಬಾಕಿ ತಾಟು ಖಾಲಿ ಇಟ್ಟು, ಯಾರು ಸೊರಗ್ತಾರ ನೋಡ್ತೀವಿ ಅಂದ್ರ, ನಾವು ನೋಡ್ಕೋತ ಕುಂದರಬೇಕೇನ್ರಿ?"

ನನ್ನ ಸಿಟ್ಟೇನೂ ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಹೋಯಿತು. ಗುಟ್ಟು ಹೇಗೂ ಬಿಚ್ಚಿತ್ತಲ್ಲ, ಹೇಳಿಬಿಟ್ಟೆ: ನಿಜದ ಟೊಪ್ಪಿಗೆ ದಾಕ್ಷಾಯಣಿಯ ಹೆಸರಿನಲ್ಲಿ ಬಂದದ್ದು, ಶಿವಲೀಲಾಳದು ಸುಳ್ಳಿನದು. ನಿಯಮದಂತೆ ನಡೆದಿದ್ದರೆ ಅಕ್ಕನಿಗೆ ವರ್ಷವಿಡೀ ಕೈ ಸ್ಥಿರವಾಗಿರುತ್ತಿತ್ತು, ತಂಗಿಗೆ ಏನೂ ಸಿಗುತ್ತಿರಲಿಲ್ಲ. ಅರ್ಧ ವರ್ಷದ ಕೈಯನ್ನು ಆಕೆ ತಂಗಿಗೆ ಕೊಟ್ಟಿದ್ದಳು. ದಾಕ್ಷಾಯಣಿ ತಂಗಿಯ ಕಡೆ ನೋಡಿ ನಕ್ಕಳು. ಶಿವಲೀಲಾ ನಗಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಹೊಸ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಕಳಿಸಿದರು.

ಕೇಂದ್ರಕ್ಕೆ ಬಂದು ಉಳಿದ ಮನೆಗಳ ಗೆರೆಗಳನ್ನೂ ತೆಗೆದು ನೋಡಿದೆ. ರಕ್ತದಲ್ಲಿ ಬರುವ ರೋಗವಲ್ಲವೇ, ಒಂದೊಂದು ಮನೆಯಲ್ಲಿ ಇಬ್ಬರು ಮೂವರು ರೋಗಿಗಳು. ಮುಕ್ಕಾಲು ಪಾಲು ಮನೆಗಳಲ್ಲಿ ಟೊಪ್ಪಿಗೆ ಒಂದೇ ತಲೆಯ ಮೇಲೆ ನಿಂತಿರಲಿಲ್ಲ. ಒಂದು ಕಡೆ ವಾರಕ್ಕೊಮ್ಮೆ ಬದಲು, ಒಂದು ಕಡೆ ಅಪ್ಪ ತನಗೆ ಗುಣ ಕಂಡಿತೆಂದು ಮಗನಿಗೇ ಬಿಟ್ಟುಕೊಟ್ಟಿದ್ದ. ನಿಜ ಸುಳ್ಳು ಎರಡೂ ಕಲಸಿಹೋದ ಮೇಲೆ ವ್ಯತ್ಯಾಸ ಎಲ್ಲಿಂದ ಬರಬೇಕು? ಆದರೆ ಮುಂಗೈಯ ಪಟ್ಟಿಗಳನ್ನು ಯಾರೂ ಅದಲುಬದಲು ಮಾಡಿರಲಿಲ್ಲ. ಅವು ಅವರವರ ಕೈಯ ಕಥೆಯನ್ನೇ ಹೇಳುತ್ತಿದ್ದವು. ಟೊಪ್ಪಿಗೆಯ ಗೆರೆ, ಪಟ್ಟಿಯ ಗೆರೆ ಎರಡನ್ನೂ ಒಂದರ ಕೆಳಗೊಂದು ಇಟ್ಟೆ. ನಿಜದ ಟೊಪ್ಪಿಗೆ ಅಕ್ಕನ ತಲೆಯ ಮೇಲಿದ್ದ ದಿನ ಅಕ್ಕನ ಕೈ ಸ್ಥಿರ, ತಂಗಿಯ ತಲೆಗೆ ಹೋದ ದಿನ ತಂಗಿಯದು ಸ್ಥಿರ. ಗುಣ ಟೊಪ್ಪಿಗೆಯ ಹಿಂದೆ ಹಿಂದೆಯೇ ಓಡಾಡಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನಾವು ಕೋಟಿಗಟ್ಟಲೆ ಸುರಿದು ಹೂಡಿದ ಪರೀಕ್ಷೆಗಿಂತ ಅವರ ಪಾಳಿಯೇ ಒಳ್ಳೆಯ ಪರೀಕ್ಷೆಯಾಗಿತ್ತು.

ಕುಣಿಯುತ್ತ ನಮ್ಮ ಮುಖ್ಯಸ್ಥರಾದ ಡಾಕ್ಟರ್ ಇನಾಮದಾರರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ರೋಗಿಗಳ ಹೆಸರು ಹಿಡಿದು ಮಾತಾಡಿಸುವ ಮನುಷ್ಯ. ನನ್ನ ಗೆರೆಗಳನ್ನು ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು.

"ಇಂದುಮತಿ, ನೀವು ಹೇಳೋದು ಖರೇನ ಅದ. ಆದ್ರ ಆಟ ಮುಗಿದಮ್ಯಾಲೆ ನಿಯಮ ಬದಲಿಸಿ ನಾನ ಗೆದ್ದೆ ಅಂದ್ರ ಯಾರು ಒಪ್ತಾರ?"

ಯಾರೂ ಒಪ್ಪಲಿಲ್ಲ. ಸಮಿತಿಯ ಮುಂದೆ ಪರದೆಯ ಮೇಲೆ ನಾನು ಒಲೆಯಿಂದ ಹಿಡಿದು ಅಮಾವಾಸ್ಯೆಯವರೆಗೆ ಎಲ್ಲ ಹೇಳಿದೆ. ಒಬ್ಬರು ಈ ಜನಕ್ಕೆ ಶಿಸ್ತೇ ಇಲ್ಲ ಎಂದರು. ಇನ್ನೊಬ್ಬರು ಕುತೂಹಲಕರವಾಗಿದೆ ಎಂದರು. ಅವರ ಬಾಯಲ್ಲಿ ಆ ಮಾತು ಬಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ನಿಯಮ ಮುರಿದ ಮನೆಗಳ ಅಂಕಿಅಂಶವನ್ನೆಲ್ಲ ಕೈಬಿಡಬೇಕು, ಟೊಪ್ಪಿಗೆಗಳನ್ನು ವಾಪಸು ತರಿಸಬೇಕು, ಬೇಕಿದ್ದರೆ ಹೊಸದಾಗಿ ಪರೀಕ್ಷೆ ಹೂಡಬಹುದು ಎಂದು ತೀರ್ಮಾನವಾಯಿತು. ಕದ್ದು ಒಂದನ್ನು ಅಕ್ಕತಂಗಿಯರಿಗೆ ಕೊಟ್ಟುಬಿಡಲೇ ಎಂದು ನನಗೂ ಅನ್ನಿಸಿತ್ತು. ಆದರೆ ಅದು ದಿನಾ ಬೆಳಿಗ್ಗೆ ಕೇಂದ್ರದಿಂದ ಅಪ್ಪಣೆ ಬಂದರೆ ಮಾತ್ರ ನಡೆಯುತ್ತದೆ. ಅಪ್ಪಣೆ ನಿಂತ ಮೇಲೆ ಅದು ಬರೀ ಟೊಪ್ಪಿಗೆ, ಚಳಿಗೆ ಹಾಕಿಕೊಳ್ಳಬಹುದು.

ಅಲ್ಲಿಂದ ನಾನು ಸಮಿತಿಯ ಬೆನ್ನು ಬಿದ್ದೆ. ಪ್ರತಿಯೊಬ್ಬರಿಗೂ ನಿಜ ಸುಳ್ಳು ಎರಡನ್ನೂ ಪಾಳಿಯ ಮೇಲೆ ಕೊಡಿ, ಅವರು ಮಾಡಿದ್ದನ್ನೇ ನಾವು ಕ್ರಮಬದ್ಧವಾಗಿ ಮಾಡೋಣ ಎಂದು ಅಂಗಲಾಚಿದೆ. ಬರೆದೆ, ಫೋನು ಮಾಡಿದೆ, ಬೆಂಗಳೂರಿಗೆ ಹೋಗಿ ಬಾಗಿಲಲ್ಲಿ ಕೂತೆ. ಆ ತಿಂಗಳುಗಳಲ್ಲಿ ಹಳೇ ಹುಬ್ಬಳ್ಳಿಗೂ ಹೋಗುತ್ತಿದ್ದೆ. ದಾಕ್ಷಾಯಣಿ ಬಡಿದ ಮೂರು ರೊಟ್ಟಿಯಲ್ಲಿ ಒಂದು ಹರಿಯುತ್ತಿತ್ತು, ಆಮೇಲೆ ಎರಡು ಹರಿಯತೊಡಗಿದವು. ಹರಿದದ್ದನ್ನು ಮನೆಯವರೇ ತಿನ್ನುತ್ತಿದ್ದರು. ಶಿವಲೀಲಾ ಗೋಡೆ ಹಿಡಿದು ನಡೆಯತೊಡಗಿದ್ದಳು. ಆದರೂ ಒಲೆಯ ಪಾಳಿ ತಪ್ಪಿರಲಿಲ್ಲ.

ಕೊನೆಗೆ ಸಮಿತಿ ಹೊಸ ಪರೀಕ್ಷೆಗೆ ಒಪ್ಪಿತು. ಒಪ್ಪಿದ ಬಗೆ ಕೇಳಿ. ಪಾಳಿಯ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮತ್ತೆ ಅರ್ಧ ನಿಜ, ಅರ್ಧ ಸುಳ್ಳು. ಅದಲುಬದಲು ಆಗಬಾರದೆಂದು ಒಂದು ಮನೆಯಿಂದ ಒಬ್ಬರನ್ನು ಮಾತ್ರ ತೆಗೆದುಕೊಳ್ಳುವುದು. ಅದೂ ಸಾಲದೆಂದು ಟೊಪ್ಪಿಗೆಗೆ ಬೀಗ. ಬೇರೆಯವರು ಹಾಕಿಕೊಂಡರೆ ಅದು ತಾನಾಗಿ ಆರಿಹೋಗಬೇಕು. ತಲೆಯಿಂದ ತಲೆಗೆ ಅಂಕಿ ಬೇರೆಯಾಗುತ್ತದೆ ಎಂದು ಇಂದುಮತಿಯವರೇ ತೋರಿಸಿಕೊಟ್ಟಿದ್ದಾರಲ್ಲ, ಅದನ್ನೇ ಬಳಸಿಕೊಳ್ಳೋಣ ಎಂದರು. ನನಗೆ ಧನ್ಯವಾದ ಬೇರೆ ಹೇಳಿದರು. ಆ ಬೀಗ ಕಟ್ಟಿದ್ದು ನಾನೇ. ಕಟ್ಟದಿದ್ದರೆ ಪರೀಕ್ಷೆಯೇ ಇಲ್ಲ ಎಂದರು. ಹಳೆಯ ರೋಗಿಗಳನ್ನೂ ಸೇರಿಸಿಕೊಳ್ಳಬೇಕು ಎಂದು ಹಟ ಹಿಡಿದು ಅದೊಂದನ್ನು ಮಾತ್ರ ಗೆದ್ದೆ.

ಗೆದ್ದ ಸುದ್ದಿ ಹೊತ್ತುಕೊಂಡು ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಅವತ್ತು ದಾಕ್ಷಾಯಣಿ ಒಳ್ಳೆಯ ಒಲೆಯ ಮುಂದಿದ್ದಳು, ಶಿವಲೀಲಾ ಹೊಗೆಯಲ್ಲಿದ್ದಳು. ಹೊಸ ಪರೀಕ್ಷೆ ಬರುತ್ತಿದೆ, ಆದರೆ ಮನೆಗೆ ಒಬ್ಬರು ಮಾತ್ರ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಕ್ಕ ನಿರಾಳವಾಗಿ ಉಸಿರು ಬಿಟ್ಟಳು.

"ಅಷ್ಟ ಹೌದಲ್ರಿ? ಯಾರದರ ಹೆಸರು ಬರಕೋರಿ. ನಾವು ಮನ್ಯಾಗ ಪಾಳಿ ಹಾಕ್ಕೋತೀವಿ."

ಆಕೆಗೆ ಇದು ಸುಲಭದ ಲೆಕ್ಕ, ಒಂದು ಟೊಪ್ಪಿಗೆ, ಎರಡು ತಲೆ. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು. ಈ ಸಲ ಪಾಳಿ ನಡೆಯುವುದಿಲ್ಲ, ಹೆಸರಿನವರು ಬಿಟ್ಟು ಬೇರೆಯವರು ಹಾಕಿಕೊಂಡರೆ ಅದು ಆರಿಹೋಗುತ್ತದೆ ಎಂದು ಹೇಳಿದೆ. ತಲೆಯ ಗುರುತು ಅದಕ್ಕೆ ಹೇಗೆ ಹತ್ತುತ್ತದೆ ಎಂದು ಶಿವಲೀಲಾ ಕೇಳಿದಳು. ನಾನೇ ಕಲಿಸಿದ್ದೇನೆ ಎಂದೆ. ಆಕೆ ಒಲೆಯ ಕಟ್ಟಿಗೆ ಸರಿಮಾಡತೊಡಗಿದಳು, ಬೈದಿದ್ದರೆ ಚೆನ್ನಾಗಿತ್ತು.

ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ದಾಕ್ಷಾಯಣಿ ಅದನ್ನು ತೆಗೆಯಲು ಕೈ ಚಾಚಿದಳು, ಕೈ ಹೆಂಚು ದಾಟಿ ಒಲೆಯ ಅಂಚಿಗೆ ತಗುಲಿತು. ಬೆರಳು ಬಾಯಿಗಿಟ್ಟುಕೊಂಡಳು. ಈ ಸಲ ಬರುವುದಾದರೂ ಖಾತ್ರಿಯಾಗಿ ನಿಜದ್ದೇನು ಎಂದು ಕೇಳಿದಳು. ಅದೂ ಗೊತ್ತಿಲ್ಲ ಎಂದೆ. ಹೆಸರು ಯಾರದೆಂದು ಇಬ್ಬರೂ ಕೂತು ಮಾತಾಡಿಕೊಳ್ಳಿ, ಅವಸರವಿಲ್ಲ, ನಾಳೆ ಬರುತ್ತೇನೆ ಎಂದೆ. ಶಿವಲೀಲಾ ತಡೆದು, ಇದರಲ್ಲಿ ಮಾತಾಡುವುದೇನಿದೆ, ಅಕ್ಕನ ಕೈ ಹೆಚ್ಚು ಕೆಟ್ಟಿದೆ, ಆಕೆಯ ಹೆಸರೇ ಬರೆದುಕೊಳ್ಳಿ ಎಂದಳು.

ದಾಕ್ಷಾಯಣಿ ಗೋಡೆಗೆ ಕೈ ಕೊಟ್ಟು ಎದ್ದಳು. ಎರಡು ಹೆಜ್ಜೆ ಈ ಕಡೆ ವಾಲಿ, ಒಂದು ಹೆಜ್ಜೆ ಆ ಕಡೆ ವಾಲಿ, ಮೂಲೆಯ ಒಲೆಯ ಹತ್ತಿರ ಹೋಗಿ, ತಂಗಿಯ ರಟ್ಟೆ ಹಿಡಿದು ಎಬ್ಬಿಸಿದಳು. ಶಿವಲೀಲಾ ತಿಳಿಯದೆ ಎದ್ದು ನಿಂತಳು. ಅಕ್ಕ ಆ ಜಾಗದಲ್ಲಿ ಕೂತು, ಕಟ್ಟಿಗೆಯನ್ನು ಒಳಗೆ ನೂಕಿದಳು. ಹೊಗೆ ಮುಖಕ್ಕೆ ಹೊಡೆಯಿತು.

"ಅಕ್ಕಾ, ಇವತ್ತ ಅದು ನನ್ನ ಒಲಿ," ಎಂದಳು ಶಿವಲೀಲಾ.

"ಇನ್ನ ಮುಂದ ನಂದ. ನೀ ಅಲ್ಲಿ ಕುಂದರು." ನನ್ನ ಕಡೆ ತಿರುಗದೆಯೇ ದಾಕ್ಷಾಯಣಿ ಹೇಳಿದಳು, "ಆಕಿ ಹೆಸರು ಬರಕೋರಿ ಮೇಡಮ್ಮಾರ. ಆಕಿಗೆ ಮಗಳದಾಳ."

ಶಿವಲೀಲಾ ಅಕ್ಕನ ತೋಳು ಜಗ್ಗಿದಳು, ಬೈದಳು, ಅವ್ವ ಹಾಕಿದ ಪಾಳಿ ಮುರಿಯಲು ನೀನು ಯಾರು ಎಂದು ಅತ್ತಳು. ದಾಕ್ಷಾಯಣಿ ಅಲುಗಾಡಲಿಲ್ಲ. ಒಳ್ಳೆಯ ಒಲೆಯ ಮುಂದಿನ ಮಣೆ ಖಾಲಿ ಇತ್ತು, ಅದರ ಹೆಂಚಿನ ಮೇಲೆ ರೊಟ್ಟಿ ಕರಕಲಾಗಿ ಹೊತ್ತಿಕೊಂಡಿತ್ತು. ನಾನು ಎದ್ದು ಅದನ್ನು ತೆಗೆದು ಕೆಳಗಿಟ್ಟೆ. ಆಮೇಲೆ ಶಿವಲೀಲಾಳ ಹೆಸರು ಬರೆದುಕೊಂಡೆ.